ಹುಲ್ಲು ಬೆಳೆಸುವ ಮಳೆ, ಹುಲ್ಲು ಕೊಳೆಸುವ ಮಳೆ

ಕೊಯ್ಲಿನಿಂದ ಗೋದಲಿಯವರೆಗೆ ರಾಗಿ ಹುಲ್ಲನ್ನು ಕೆಡದಂತೆ ಉಳಿಸಿಕೊಳ್ಳುವುದು ಹೇಗೆ?

ಎರಡು ಸೀಮೆ ಹಸು, ಒಂದು ಕರು, ಎರಡು ಎಕರೆ ಖುಷ್ಕಿ ಜಮೀನು. ತುಮಕೂರು, ಕೋಲಾರದ ಕಡೆ ಡೇರಿಗೆ ಹಾಲು ಹಾಕುವ ಎಷ್ಟೋ ಮನೆಗಳ ಸಂಸಾರ ಇಷ್ಟರಲ್ಲೇ ನಡೆಯುತ್ತದೆ. ಈ ವರ್ಷ ಒಟ್ಟು ಎಷ್ಟು ಮಿಲಿಮೀಟರ್ ಮಳೆ ಸುರಿಯಿತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಜುಲೈ, ಆಗಸ್ಟ್ ಮಳೆ ಎಷ್ಟು ಹುಲ್ಲು ಸಿಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಆ ಹುಲ್ಲಿಗೆ ಹಸು ಬಾಯಿ ಹಾಕುತ್ತದೆಯೋ ಇಲ್ಲವೋ ಎಂಬುದನ್ನು ನವೆಂಬರ್ ಮಳೆ ತೀರ್ಮಾನಿಸುತ್ತದೆ. ಮೊದಲನೆಯದಕ್ಕೆ ಆಕಾಶ ನೋಡುತ್ತಾ ಕೂರಬೇಕು. ಎರಡನೆಯದಕ್ಕೆ ನಾವು ಮಾಡಬಹುದಾದ ಕೆಲಸ ಸಾಕಷ್ಟಿದೆ.

2021ರ ನವೆಂಬರ್ ನೆನಪಿರಬೇಕು. ಕೊಯ್ದ ರಾಗಿ ಹೊಲದಲ್ಲೇ ಮೊಳೆತ ವರ್ಷ ಅದು. ಎರಡು ದಿನ ಬಿಸಿಲು ಬಿದ್ದದ್ದೇ ತಡ, ನಾನು ಅವಸರಪಟ್ಟು ಅರೆಬರೆ ಒಣಗಿದ ಹುಲ್ಲನ್ನು ಒಟ್ಟಿ, ಮೇಲೆ ಟಾರ್ಪಾಲು ಎಳೆದು ಬಿಗಿದೆ. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಮೆದೆಯ ನೆತ್ತಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು. ಬಿಚ್ಚಿದಾಗ ನಡುವಿನ ಹುಲ್ಲು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು, ಸೀದ ಬೆಲ್ಲದ ವಾಸನೆ ಬರುತ್ತಿತ್ತು. ಅದರ ಸುತ್ತ ಬೂದಿ ಚೆಲ್ಲಿದಂತೆ ಬೂಷ್ಟು. ಅರ್ಧ ಮೆದೆ ತಿಪ್ಪೆಗೆ ಹೋಯಿತು. ಮುಂದಿನದನ್ನೆಲ್ಲ ಆ ಪೆಟ್ಟು ತಿಂದವನ ಮಾತು ಎಂದೇ ಓದಿಕೊಳ್ಳಿ.

1. ಮೊದಲು ಲೆಕ್ಕ

400 ಕೆ.ಜಿ. ತೂಗುವ ಕರೆಯುವ ಹಸುವಿಗೆ ದಿನಕ್ಕೆ 10ರಿಂದ 12 ಕೆ.ಜಿ. ಒಣ ಪದಾರ್ಥ (ನೀರಿನಂಶ ಕಳೆದ ಮೇವಿನ ತೂಕ) ಬೇಕು. ಅದರಲ್ಲಿ ಒಣಹುಲ್ಲಿನ ಪಾಲು ಐದಾರು ಕೆ.ಜಿ. ಎಂದು ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಜೂನ್‌ವರೆಗೆ 210 ದಿನ, ದಿನಕ್ಕೆ 6 ಕೆ.ಜಿ.ಯಂತೆ 1,260 ಕೆ.ಜಿ. ಎರಡು ಹಸುವಿಗೆ ಎರಡೂವರೆ ಟನ್. ಮುಂಗಾರು ಕೈಕೊಟ್ಟ ವರ್ಷ ಪೈರು ಮೊಣಕಾಲೆತ್ತರಕ್ಕೇ ನಿಂತುಬಿಡುತ್ತದೆ, ಹುಲ್ಲು ಅರ್ಧಕ್ಕೆ ಇಳಿಯುತ್ತದೆ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ 2023ರಲ್ಲಿ ಆದದ್ದು ಇದೇ. ಹಾಗಾಗಿ ಕೊರತೆ ಎಷ್ಟು ಎಂಬುದನ್ನು ಸೆಪ್ಟೆಂಬರ್ ಕೊನೆಯಲ್ಲೇ, ಪೈರಿನ ಎತ್ತರ ನೋಡಿ ಅಂದಾಜು ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಹುಲ್ಲು ಹುಡುಕಿಕೊಂಡು ಹೊರಡುವವನು ಮಾರುವವನು ಹೇಳಿದ ಬೆಲೆಯನ್ನೇ ಕೊಡಬೇಕು.

ರಾಗಿ ತಳಿಯ ಆಯ್ಕೆಯಲ್ಲೂ ಮಳೆಯ ಲೆಕ್ಕವಿದೆ. ಎಂ.ಆರ್-6 ಎತ್ತರ ಬೆಳೆದು ಹುಲ್ಲು ಹೆಚ್ಚು ಕೊಡುತ್ತದೆ, ಆದರೆ ನಾಲ್ಕು ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಮಳೆ ತಡವಾಗಿ ಆಗಸ್ಟ್‌ನಲ್ಲಿ ಬಿತ್ತುವವರು ಜಿ.ಪಿ.ಯು-48ರಂಥ ಅಲ್ಪಾವಧಿ ತಳಿಗೆ ಹೋಗುತ್ತಾರೆ. ಅಲ್ಲಿ ಹುಲ್ಲು ಕಡಿಮೆ ಎಂಬುದು ಮೊದಲೇ ಗೊತ್ತಿರಲಿ.

2. ಕೊಯ್ಲಿಗೆ ದಿನ ಗೊತ್ತು ಮಾಡುವುದು

ನಮ್ಮ ಕಡೆ ರಾಗಿ ಕೊಯ್ಲು ವಿಶಾಖ, ಅನುರಾಧ ಮಳೆಗಳ ಕಾಲಕ್ಕೇ, ಅಂದರೆ ನವೆಂಬರ್‌ನಲ್ಲೇ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವುದೂ ಅದೇ ಹೊತ್ತಿಗೆ. ಕೊಯ್ಯುವ ಮುನ್ನ ಐದು ದಿನದ ಮುನ್ಸೂಚನೆ ನೋಡಿ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ, ರಾಜ್ಯದ ವರುಣಮಿತ್ರ ಸಹಾಯವಾಣಿಯೂ ಇದೆ. ಕನಿಷ್ಠ ಮೂರು ದಿನ ಒಣ ಹವೆ ಇದ್ದರೆ ಮಾತ್ರ ಕುಡುಗೋಲು ಹಿಡಿಯಿರಿ. ನಿಂತ ಪೈರು ಒಂದು ಮಳೆಯನ್ನು ತಡೆದುಕೊಳ್ಳಬಹುದು; ಕೊಯ್ದು ನೆಲಕ್ಕೆ ಸಾಲಾಗಿ ಮಲಗಿಸಿದ ಪೈರಿಗೆ, ಅಂದರೆ ಅರಿಗೆ, ಆ ಶಕ್ತಿ ಇಲ್ಲ. ಅರಿಯ ಮೇಲೆ ಬಿದ್ದ ಪ್ರತಿ ಮಳೆಯೂ ಹುಲ್ಲಿನಲ್ಲಿರುವ ಸಕ್ಕರೆ ಅಂಶವನ್ನು ತೊಳೆದುಕೊಂಡು ಹೋಗುತ್ತದೆ, ಎಲೆ ಉದುರಿಸುತ್ತದೆ. ಉಳಿಯುವುದು ಬರೀ ಕಡ್ಡಿ.

ಅರಿ ಹಾಕಿದ ಮೇಲೆ ಮಳೆ ಬಂದೇಬಿಟ್ಟರೆ ಮಳೆ ನಿಂತ ಕೂಡಲೇ ಕಂತೆ ಕಟ್ಟಿ, ತೆನೆ ಮೇಲಾಗಿ ನಾಲ್ಕಾರು ಕಂತೆಗಳನ್ನು ಒಂದಕ್ಕೊಂದು ಆನಿಸಿ ಗುಡಾರದಂತೆ ನಿಲ್ಲಿಸಿ. ಒಳಗೆ ಗಾಳಿಯಾಡುತ್ತದೆ, ನೆಲದ ತೇವ ಬುಡಕ್ಕಷ್ಟೇ ತಾಗುತ್ತದೆ. ಕಟಾವು ಯಂತ್ರ ಹಾಕಿಸಿದವರಿಗೆ ಈ ಅನುಕೂಲ ಇಲ್ಲ. ಯಂತ್ರ ಉಗುಳಿದ ತುಂಡು ಹುಲ್ಲು ಮಣ್ಣಿಗಂಟಿ ಮಲಗಿರುತ್ತದೆ. ಅದನ್ನು ಮಗುಚಿ ಒಣಗಿಸದೆ ಮರುದಿನವೇ ಹುಲ್ಲು ಸುತ್ತುವ ಬೇಲರ್ ಯಂತ್ರ ತರಿಸಿದರೆ ಬಿಗಿಯಾಗಿ ಸುತ್ತಿದ ರೋಲಿನ ಹೊಟ್ಟೆಯಲ್ಲಿ ತೇವ ಸೇರಿಕೊಂಡುಬಿಡುತ್ತದೆ.

3. ಗೆಣ್ಣು ನೋಡಿ

ಹುಲ್ಲು ಒಟ್ಟಲು ತೇವ ಶೇ 15ರ ಆಸುಪಾಸಿಗೆ ಇಳಿದಿರಬೇಕು. ಶೇ 20 ದಾಟಿದ್ದರೆ ಬೂಷ್ಟು ಖಚಿತ. ಅಳೆಯುವ ಯಂತ್ರ ಬೇಡ. ಕಂತೆಯ ನಡುವಿನಿಂದ ಒಂದು ಹಿಡಿ ಎಳೆದು ಬಟ್ಟೆ ಹಿಂಡುವಂತೆ ತಿರುಚಿ. ಚಟಪಟ ಮುರಿದರೆ ಸರಿ. ಮೆತ್ತಗೆ ಬಳುಕಿದರೆ ಇನ್ನೊಂದು ಬಿಸಿಲು ಬೇಕು. ಆಮೇಲೆ ಗೆಣ್ಣನ್ನು ಉಗುರಿನಿಂದ ಕೆರೆಯಿರಿ. ಎಲೆ ಒಣಗಿ ಗರಗರ ಎನ್ನುತ್ತಿದ್ದರೂ ರಾಗಿಯ ಗೆಣ್ಣು ತೇವವನ್ನು ಬಚ್ಚಿಟ್ಟುಕೊಂಡಿರುತ್ತದೆ. ಸಿಪ್ಪೆ ಹಸಿಯಾಗಿ ಸುಲಿದು ಬಂದರೆ ಒಟ್ಟಬೇಡಿ. ನಾನು 2021ರಲ್ಲಿ ನೋಡಿದ್ದು ಎಲೆಯನ್ನು ಮಾತ್ರ.

4. ಮೆದೆ ಒಟ್ಟುವುದು

ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ, ಮೇಲೆ ಮರದ ದಿಮ್ಮಿ ಹಾಸಿ ಅಟ್ಟಣೆ ಮಾಡಿ. ಹಿಂಗಾರಿನ ಗಾಳಿ ಈಶಾನ್ಯದಿಂದ ಬೀಸುತ್ತದೆ; ಮೆದೆಯ ಅಗಲದ ಮೈಯನ್ನು ಆ ಕಡೆಗೆ ಒಡ್ಡದೆ ಕಿರಿದಾದ ಬದಿಯನ್ನು ಒಡ್ಡಿ. ಹಿರಿಯರು ಒಟ್ಟುವಾಗ ಗಮನಿಸಿದ್ದೀರಾ? ಮೆದೆಯ ನಡುವಿನ ಭಾಗವನ್ನು ಪ್ರತಿ ಸುತ್ತಿನಲ್ಲೂ ಅಂಚಿಗಿಂತ ಒಂದು ಗೇಣು ಎತ್ತರ ಇಟ್ಟುಕೊಂಡೇ ಹೋಗುತ್ತಾರೆ, ನಡುವನ್ನು ತುಳಿದು ಬಿಗಿ ಮಾಡುತ್ತಾರೆ. ಆಗ ಕಡ್ಡಿಗಳೆಲ್ಲ ಹೊರಗಡೆಗೆ ಇಳಿಜಾರಾಗಿ, ಸೋರಿದ ನೀರು ಒಳಕ್ಕೆ ಇಳಿಯದೆ ಅಂಚಿನಿಂದ ತೊಟ್ಟಿಕ್ಕುತ್ತದೆ. ನಡುವೆ ತಗ್ಗು ಬಿಟ್ಟ ಮೆದೆ ಬಾವಿ ಇದ್ದಂತೆ.

ಸ್ವಲ್ಪ ಅನುಮಾನದ ಹುಲ್ಲಾದರೆ 100 ಕೆ.ಜಿ.ಗೆ ಒಂದು ಕೆ.ಜಿ.ಯಂತೆ ಕಲ್ಲುಪ್ಪನ್ನು ಸುತ್ತು ಸುತ್ತಿಗೂ ಚೆಲ್ಲಿ. ಬೂಷ್ಟನ್ನು ತುಸು ತಡೆಯುತ್ತದೆ, ಹಸುವಿಗೆ ರುಚಿಯೂ ಹೌದು. ಹಸಿ ಹುಲ್ಲಿಗೆ ಇದು ಮದ್ದಲ್ಲ. ಟಾರ್ಪಾಲನ್ನು ನೆತ್ತಿಗೆ ಮಾತ್ರ ಹೊದಿಸಿ, ಅಡಿಯಲ್ಲಿ ತೆಂಗಿನ ಗರಿ ಹಾಸಿ ಗಾಳಿಗೆ ಸಂದು ಬಿಡಿ. ಪಕ್ಕಗಳನ್ನು ಮುಚ್ಚಬೇಡಿ.

5. ಹಾರೆಯ ಪರೀಕ್ಷೆ

ಒಟ್ಟಿದ ಮೊದಲ ಮೂರು ವಾರ ಎರಡು ದಿನಕ್ಕೊಮ್ಮೆ ಉದ್ದನೆಯ ಹಾರೆಯನ್ನು ಮೆದೆಯ ಹೊಟ್ಟೆಗೆ ಚುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಎಳೆದು ತುದಿ ಹಿಡಿಯಿರಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಸುಟ್ಟರೆ ಒಳಗೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದೇ ತಿಳಿಯಿರಿ, ಅಂದೇ ಬಿಚ್ಚಿ ಹರಡಬೇಕು. 75 ಡಿಗ್ರಿ ದಾಟಿದ ಮೆದೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಚ್ಚುವಾಗ ಹೊಸ ಗಾಳಿ ತಾಗಿ ಧಗ್ಗೆಂದು ಏಳುವುದೂ ಉಂಟು. ನಾಲ್ಕು ಕೊಡ ನೀರು ಪಕ್ಕದಲ್ಲಿರಲಿ, ಕೊಟ್ಟಿಗೆಯ ದನಗಳನ್ನು ಮೊದಲೇ ಬಿಚ್ಚಿ ದೂರ ಕಟ್ಟಿ.

6. ನೆನೆದ ಹುಲ್ಲನ್ನು ಏನು ಮಾಡುವುದು?

ಬೂಷ್ಟು ಹಿಡಿದದ್ದು ತಿಪ್ಪೆಗೆ. ಇಲ್ಲಿ ಚೌಕಾಸಿ ಬೇಡ. ಕೊಡವಿ ಹಾಕಿದರೂ, ಒಳ್ಳೆಯ ಹುಲ್ಲಿನ ಜೊತೆ ಬೆರೆಸಿದರೂ ಬೂಷ್ಟಿನ ವಿಷ ಹೋಗುವುದಿಲ್ಲ. ಗಬ್ಬದ ಹಸು ಕಂದು ಹಾಕಬಹುದು. ಮೇವಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ; ಹಾಲಿನಲ್ಲಿ ಅದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ. (ಈ ವಿಷಯದಲ್ಲಿ ಹುಲ್ಲಿಗಿಂತ ತೇವದ ಮೂಲೆಯಲ್ಲಿಟ್ಟ ಕಡಲೆಕಾಯಿ ಹಿಂಡಿಯೇ ಹೆಚ್ಚು ಅಪಾಯಕಾರಿ. ಅದರತ್ತವೂ ಕಣ್ಣಿರಲಿ.)

ಬೂಷ್ಟಿಲ್ಲದೆ ಬರೀ ಬಿಳಚಿಕೊಂಡ ಹುಲ್ಲಿಗೆ ಯೂರಿಯಾ ಉಪಚಾರ ಮಾಡಬಹುದು. 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ, 100 ಕೆ.ಜಿ. ಹುಲ್ಲಿನ ಮೇಲೆ ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ 21 ದಿನ ಮುಚ್ಚಿಡಿ. ತೆಗೆದ ಹುಲ್ಲನ್ನು ಗಾಟು ಹೋಗುವವರೆಗೆ, ಒಂದು ಗಂಟೆಯಾದರೂ ಹರಡಿಟ್ಟು, ಮೊದಲ ವಾರ ಸ್ವಲ್ಪ ಸ್ವಲ್ಪವೇ ಕೊಡಿ. ಆರು ತಿಂಗಳೊಳಗಿನ ಕರುವಿಗೆ ಬೇಡವೇ ಬೇಡ. ಯೂರಿಯಾ ಕರಗಿಸಿದ ಬಕೆಟ್ಟನ್ನು ದನದ ಬಾಯಿಗೆ ಸಿಗುವಲ್ಲಿ ಬಿಟ್ಟರೆ ನಾಲ್ಕು ಗುಟುಕೂ ಪ್ರಾಣಕ್ಕೆ ಎರವಾಗುತ್ತದೆ.

ಮಳೆಗಾಲದ ನಡುವೆ ಕಟಾವಿಗೆ ಬರುವ ಮೇವಿನ ಜೋಳವನ್ನು ಒಣಗಿಸುವ ಹಟ ಬಿಡಿ. ಕಾಳು ಹಾಲುತುಂಬಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ, ಚೀಲದಲ್ಲಿ ಗಾಳಿಯಾಡದಂತೆ ಒತ್ತಿ, ಹುಳಿ ಬರಿಸಿ ರಸಮೇವು (ಸೈಲೇಜ್) ಮಾಡಿದರೆ 45 ದಿನಕ್ಕೆ ತೆಗೆಯಬಹುದು.

7. ಮುಂಗಾರಿನ ಮೊದಲ ಹಸಿರು

ಆರು ತಿಂಗಳು ಒಣಹುಲ್ಲು ತಿಂದ ದನಕ್ಕೆ ಜೂನ್‌ನ ಎಳೆ ಗರಿಕೆ ಹಬ್ಬದೂಟ. ಆ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಭೇದಿ, ಹೊಟ್ಟೆ ಉಬ್ಬರ ಕಾಣಿಸುವುದು ಆಗಲೇ. ಬೆಳಿಗ್ಗೆ ಅರ್ಧ ಹೊಟ್ಟೆ ಒಣಹುಲ್ಲು ಹಾಕಿಯೇ ಮೇಯಲು ಬಿಡಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಮುಗಿದಿರಲಿ.

ಇದಕ್ಕಿಂತ ಭಯ ಎಳೆ ಜೋಳದ್ದು. ಬಿಸಿಲಿಗೆ ಬಾಡಿ ನಿಂತ ಬಿಳಿ ಜೋಳಕ್ಕೆ ಒಂದು ಮಳೆ ಬಿದ್ದು ಹೊಸ ಚಿಗುರು ಒಡೆದಾಗ ಅದರಲ್ಲಿ ಸಯನೈಡ್ ಅಂಶ ಹೆಚ್ಚಿರುತ್ತದೆ. ಕೊಯ್ದ ಕೂಳೆಯ ಚಿಗುರೂ ಹಾಗೆಯೇ. ತಿಂದ ಕೆಲವೇ ನಿಮಿಷಗಳಲ್ಲಿ ದನ ಏದುಸಿರು ಬಿಟ್ಟು, ತತ್ತರಿಸಿ ಬೀಳುತ್ತದೆ, ವಸಡು ಕೆಂಪಗೆ ಹೊಳೆಯುತ್ತದೆ. ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸೆಗೆ ಉಚಿತ ಸಂಖ್ಯೆ 1962. ಜೋಳ ಹೂ ಬಿಡುವ ತನಕ ದನವನ್ನು ಆ ಹೊಲದ ಬದುವಿಗೂ ಕಟ್ಟದಿರುವುದು ಒಳ್ಳೆಯದು.

ಕೊನೆಯದಾಗಿ, ದಿನದ ಹುಲ್ಲು ಹಿರಿಯುವ ಕೆಲಸ. ಕೈಗೆ ಸಿಕ್ಕಲ್ಲೆಲ್ಲ ಎಳೆದು ಮೆದೆಗೆ ತೂತು ಮಾಡುವ ಅಭ್ಯಾಸ ಮಕ್ಕಳಿಗಿಂತ ನಮಗೇ ಹೆಚ್ಚು. ಗಾಳಿ ಬೀಸದ ಒಂದೇ ಬದಿಯಿಂದ, ನೆತ್ತಿಯಿಂದ ಬುಡದವರೆಗೆ ಗೋಡೆ ಕೊಯ್ದಂತೆ ನೇರವಾಗಿ ಹಿರಿಯುತ್ತಾ ಬನ್ನಿ. ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಂದರೂ ಆ ಗೋಡೆಗೊಂದು ಗೋಣಿತಾಟು ಇಳಿಬಿಟ್ಟರೆ ಸಾಕು.