ಕೈಯಲ್ಲಿ ಈರುಳ್ಳಿ, ಸೊಂಟದಲ್ಲಿ ಪಿಸ್ತೂಲು: ಟೆಕ್ಸಾಸ್‌ಗೆ ಹೊಸದಾಗಿ ಬಂದವರಿಗೆ

ನನ್ನ ಮುಂದಿದ್ದವನ ಕೈಯಲ್ಲಿ ಈರುಳ್ಳಿ ಚೀಲ. ಸೊಂಟದಲ್ಲಿ ಕಪ್ಪು ಪಿಸ್ತೂಲು. 2016ರ ಜನವರಿ, ಡಾಲಸ್ ಪಕ್ಕದ ಪ್ಲೇನೋದಲ್ಲಿ ಒಂದು ದಿನಸಿ ಅಂಗಡಿ. ಮಗ ಕಾರ್ಟಿನಲ್ಲಿ ಕೂತಿದ್ದ. ಅವನ ಮೂಗಿಗೂ ಆ ಪಿಸ್ತೂಲಿಗೂ ಎರಡು ಗೇಣು ದೂರ. ಆ ಮನುಷ್ಯ ತಿರುಗಿ ಮಗುವಿಗೆ ಒಂದು ನಗು ಕೊಟ್ಟ, ಕಾರ್ಡ್ ಉಜ್ಜಿದ, ಹೋದ. ನಾನು ಹಾಲಿನ ಕ್ಯಾನ್ ಅಲ್ಲೇ ಬಿಟ್ಟು ಮನೆಗೆ ಬಂದೆ.

ಹಾಗಂತ ನಾನು ಕೋವಿ ಕಂಡು ಹೆದರುವವಳಲ್ಲ. ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆಯವಳು. ನಮ್ಮ ನಡುಮನೆ ಗೋಡೆಯಲ್ಲಿ ಕೋವಿ ಇತ್ತು, ಈಗಲೂ ಇದೆ. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುರಿ ಇಡುತ್ತಿದ್ದೆವು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಶಬ್ದ ಎಣಿಸಿಯೇ ಆಚೆ ಮನೆಯ ಸುದ್ದಿ ತಿಳಿಯುತ್ತಿತ್ತು. ಅಂಥವಳು ಹಾಲು ಬಿಟ್ಟು ಓಡಿ ಬಂದೆ ಅಂದ್ರೆ ನಮ್ಮನೆಯವರಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದೀಚೆಗೆ ಪ್ರತಿ ವರ್ಷ ಯಾರಾದರೂ ಹೊಸಬರು ಫೋನ್ ಮಾಡುತ್ತಾರೆ. "ಅಕ್ಕಾ, ಇಲ್ಲಿ ಎಲ್ಲರೂ ಗನ್ ಇಟ್ಕೊಂಡು ಓಡಾಡ್ತಾರಂತೆ, ನಿಜನಾ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಕಾಣುವುದು, ಕಾಣದಿರುವುದು

ಎಲ್ಲರಿಗೂ ಕಾಣುವಂತೆ ಹಿಡಿದು ಓಡಾಡುವುದು ಓಪನ್ ಕ್ಯಾರಿ. ಅಂಗಿಯ ಕೆಳಗೆ, ಚೀಲದೊಳಗೆ ಅಡಗಿಸಿ ಇಟ್ಟುಕೊಳ್ಳುವುದು ಕನ್‌ಸೀಲ್ಡ್ ಕ್ಯಾರಿ. ಅಡಗಿಸಿದ್ದು ಬಟ್ಟೆಯ ಮೇಲೆ ಉಬ್ಬಿ ಕಂಡರೆ "ಪ್ರಿಂಟ್ ಆಗುತ್ತಿದೆ" ಎನ್ನುತ್ತಾರೆ.

ಟೆಕ್ಸಾಸ್ ಅಂದರೆ ಮೊದಲಿನಿಂದ ಕೌಬಾಯ್ ರಾಜ್ಯ, ಯಾವಾಗಲೂ ಹೀಗೇ ಇತ್ತು ಅಂದುಕೊಂಡಿದ್ದೆ. ಹಾಗಲ್ಲ. 1871ರಲ್ಲೇ ಇಲ್ಲಿ ಪಿಸ್ತೂಲು ಹಿಡಿದು ತಿರುಗುವುದಕ್ಕೆ ನಿಷೇಧ ಬಂದಿತ್ತು. 1996ರಿಂದ ಲೈಸೆನ್ಸ್ ಇದ್ದವರು ಅಡಗಿಸಿ ಇಟ್ಟುಕೊಳ್ಳಬಹುದಾಯಿತು. 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಒರೆಯಲ್ಲಿಟ್ಟು ಬಹಿರಂಗವಾಗಿಯೂ ಓಡಾಡಬಹುದಾಯಿತು. ನನ್ನ ಈರುಳ್ಳಿ ಮನುಷ್ಯ ಆ ತಿಂಗಳಿನವನು, ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಹಾಗೆ ಸಂಭ್ರಮದಲ್ಲಿದ್ದ ಅಂತ ಈಗ ಅನಿಸುತ್ತದೆ. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸೂ ಬೇಡ. ಕಾಯ್ದೆ ಹೇಳಿದ್ದು 21 ತುಂಬಿರಬೇಕು ಎಂದು (18 ತುಂಬಿದವರನ್ನು ವಯಸ್ಸಿನ ಕಾರಣಕ್ಕೆ ತಡೆಯುವ ಹಾಗಿಲ್ಲ ಎಂದು 2022ರಲ್ಲಿ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು), ಕಾನೂನಿನ ಬೇರೆ ಅಡ್ಡಿ ಇರಬಾರದು, ಹೊರಗೆ ಕಾಣುವ ಪಿಸ್ತೂಲು ಒರೆಯಲ್ಲಿರಬೇಕು, ಅಷ್ಟೇ.

ತಮಾಷೆ ಅಂದ್ರೆ, ಉದ್ದ ಬಂದೂಕನ್ನು ಹೆಗಲಿಗೆ ಹಾಕಿ ಓಡಾಡುವುದು 2016ಕ್ಕೆ ಮೊದಲೂ ಇಲ್ಲಿ ತಪ್ಪಾಗಿರಲಿಲ್ಲ. ಪಿಸ್ತೂಲು ಮಾತ್ರ ಅಡಗಿಸಬೇಕಿತ್ತು! ನಾನು ಬಂದ ವರ್ಷ, 2014ರಲ್ಲಿ, ಕೆಲವರು ಇದನ್ನು ಎತ್ತಿ ತೋರಿಸಲೆಂದೇ ರೈಫಲ್ ಹೊತ್ತು ಹೋಟೆಲುಗಳಿಗೆ ಊಟಕ್ಕೆ ಹೋಗುತ್ತಿದ್ದರು. ಚಿಪೋಟ್ಲೆ ಕಂಪನಿ ದಯವಿಟ್ಟು ತರಬೇಡಿ ಎಂದಿತು. ಗನ್ ಹಕ್ಕಿನ ದೊಡ್ಡ ಸಂಘವಾದ ಎನ್‌ಆರ್‌ಎ ಕೂಡ ಇದು ವಿಚಿತ್ರ ನಡವಳಿಕೆ ಎಂದು ಬರೆದು, ಬೈಸಿಕೊಂಡು, ಆಮೇಲೆ ಮಾತು ವಾಪಸ್ ತೆಗೆದುಕೊಂಡಿತು.

ಬಾಗಿಲು ಓದುವುದನ್ನು ಕಲಿಯಿರಿ

ಗನ್ ಹುಡುಕಬೇಡಿ. ಬಾಗಿಲು ಓದಿ. ಟೆಕ್ಸಾಸ್‌ನಲ್ಲಿ ಅಂಗಡಿ, ಆಸ್ಪತ್ರೆ, ಆಫೀಸುಗಳ ಬಾಗಿಲಿನಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಒಂದು ಇಂಚು ಎತ್ತರದ ಅಕ್ಷರಗಳ ಉದ್ದುದ್ದ ಬೋರ್ಡ್ ಇರುತ್ತದೆ. ನಾನು ಎರಡು ವರ್ಷ ಅದನ್ನು ಲೀಸಿನ ಕರಾರು ಎಂದುಕೊಂಡು ದಾಟಿ ಹೋಗುತ್ತಿದ್ದೆ. ಅದರಲ್ಲಿ ನೋಡಬೇಕಾದದ್ದು ಒಂದು ಸಂಖ್ಯೆ, ಟೆಕ್ಸಾಸ್ ಕಾನೂನಿನ ಸೆಕ್ಷನ್ನಿನದು.

30.07 ಎಂದಿದ್ದರೆ, ಲೈಸೆನ್ಸ್ ಇದ್ದವರೂ ಕಾಣುವಂತೆ ತರುವ ಹಾಗಿಲ್ಲ. 30.06 ಎಂದಿದ್ದರೆ, ಲೈಸೆನ್ಸ್ ಇದ್ದವರೂ ಅಡಗಿಸಿ ತರುವ ಹಾಗಿಲ್ಲ. 30.05 ಎಂಬುದು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವವರಿಗೆ. ಬರೀ 30.07 ಹಾಕಿರುವ ಅಂಗಡಿ ಹೇಳುತ್ತಿರುವುದು ಇಷ್ಟು: ಇದ್ದರೆ ಇರಲಿ, ನಮಗೆ ಕಾಣಿಸಬೇಡಿ. ಇಲ್ಲಿನ ಇಡೀ ಜಗಳ 30.06, 30.07 ಈ ಎರಡು ಬೋರ್ಡಿನ ನಡುವೆ ಕೂತಿದೆ. ಬೋರ್ಡ್ ಮೀರಿ ಒಳಗೆ ಬಂದವರಿಗೆ 200 ಡಾಲರ್‌ವರೆಗೆ ದಂಡ. ಹೊರಗೆ ಹೋಗಿ ಎಂದ ಮೇಲೂ ಹೋಗದಿದ್ದರೆ ಜೈಲಿನವರೆಗೂ ಹೋಗುತ್ತದೆ. ಗನ್ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದ ಪುಟ್ಟ ಸ್ಟಿಕ್ಕರ್ ಕಂಡು ನೆಮ್ಮದಿ ಪಡಬೇಡಿ. ಲೈಸೆನ್ಸ್ ಇದ್ದವರನ್ನು ತಡೆಯಲು ಅದು ಸಾಲದು.

ಕೆಂಪು ಅಕ್ಷರದಲ್ಲಿ 51% ಎಂದಿದ್ದರೆ ಅದು ಬಾರು. ಅರ್ಧಕ್ಕಿಂತ ಜಾಸ್ತಿ ಆದಾಯ ಅಲ್ಲೇ ಕೂತು ಕುಡಿಯುವವರಿಂದ ಬರುವ ಜಾಗ. ಅಲ್ಲಿ ಗನ್ ನಿಷಿದ್ಧ. ಶಾಲೆ, ಕೋರ್ಟು, ಮತ ಹಾಕುವ ಜಾಗ, ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿ ದಾಟಿದ ಭಾಗ ಇವೂ ಹಾಗೇ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದಲು ಬಂದವರು ಗಮನಿಸಿ: 2016ರ ಆಗಸ್ಟ್ 1ರಿಂದ ಕ್ಯಾಂಪಸ್ಸಿನಲ್ಲಿ ಲೈಸೆನ್ಸ್ ಇದ್ದವರು ಅಡಗಿಸಿ ಇಟ್ಟುಕೊಳ್ಳಬಹುದು, ಆದರೆ ತೋರಿಸುವ ಹಾಗಿಲ್ಲ. ಪಕ್ಕದ ಬೆಂಚಿನವನ ಬ್ಯಾಗಿನಲ್ಲಿ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಬೋರ್ಡ್ ಇಲ್ಲದೆ ಬರೀ ಕೇಳಿಕೊಳ್ಳುವ ಅಂಗಡಿಗಳೂ ಇವೆ. 2019ರ ಆಗಸ್ಟ್‌ನಲ್ಲಿ ಎಲ್ ಪಾಸೋದ ವಾಲ್‌ಮಾರ್ಟಿನಲ್ಲಿ ಒಬ್ಬ ಗುಂಡು ಹಾರಿಸಿ 23 ಜನ ಸತ್ತರು. ಮುಂದಿನ ತಿಂಗಳು ವಾಲ್‌ಮಾರ್ಟ್, ದಯವಿಟ್ಟು ಕಾಣುವಂತೆ ತರಬೇಡಿ ಎಂದು ಗಿರಾಕಿಗಳನ್ನು ಕೇಳಿಕೊಂಡಿತು. ಪರ್ಮಿಟ್ ಇದ್ದು ಅಡಗಿಸಿ ತರುವವರಿಗೆ ಏನೂ ಹೇಳಲಿಲ್ಲ.

ನಾವು ಹೋಗುವ ದೇವಸ್ಥಾನದಲ್ಲಿ ಎರಡೂ ಬೋರ್ಡ್ ಇವೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಊರಿಂದ ಬಂದ ಅಪ್ಪ ಅದನ್ನು ಪೂಜೆಯ ಸಮಯ ಅಂದುಕೊಂಡು ನಿಧಾನವಾಗಿ ಪೂರ್ತಿ ಓದಿದರು. ಓದಿ ಮುಗಿಸಿ, "ಸರಿಯಾಗಿದೆ" ಎಂದರು, ಅಷ್ಟೇ.

ಸಾಲಿನಲ್ಲಿ ಕಂಡರೆ

ಒರೆಯಲ್ಲಿದೆಯಾ? ಕೈ ಅದರಿಂದ ದೂರ ಇದೆಯಾ? ಹಾಗಾದರೆ ನಿಮ್ಮ ಕೆಲಸ ಏನೂ ಇಲ್ಲ. ದಿಟ್ಟಿಸಬೇಡಿ, ಫೋಟೋ ತೆಗೆಯಬೇಡಿ, "ಯಾಕೆ ತಂದಿದ್ದೀರಿ" ಎಂದು ಕೇಳಲು ಹೋಗಬೇಡಿ. ಇಷ್ಟವಿಲ್ಲದಿದ್ದರೆ ಬೇರೆ ಸಾಲಿಗೆ ಹೋಗಿ, ಇಲ್ಲವೇ ಮ್ಯಾನೇಜರಿಗೆ ಮೆಲ್ಲಗೆ ಹೇಳಿ. ಹೊರಗೆ ಕಳಿಸುವ ಅಧಿಕಾರ ಅಂಗಡಿಯವರದು.

ಗನ್ ಕೈಯಲ್ಲಿದ್ದರೆ, ಯಾರ ಕಡೆಗಾದರೂ ತೋರಿಸಿದರೆ, ಜಗಳದ ಮಧ್ಯೆ ಅಂಗಿ ಎತ್ತಿ ತೋರಿಸಿದರೆ ಮಾತೇ ಬೇರೆ. ಮೊದಲು ಅಲ್ಲಿಂದ ಹೊರಗೆ ಬನ್ನಿ, ಆಮೇಲೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಎಲ್ಲಿ, ಅಂಗಿಯ ಬಣ್ಣ ಏನು, ಗನ್ ಕೈಯಲ್ಲಿದೆಯಾ ಒರೆಯಲ್ಲಿದೆಯಾ, ಇಷ್ಟು ಹೇಳಿ. ಹೆದರಿಸಲೆಂದು ಸಾರ್ವಜನಿಕ ಜಾಗದಲ್ಲಿ ಗನ್ ತೋರಿಸುವುದು ಟೆಕ್ಸಾಸ್‌ನಲ್ಲೂ ಅಪರಾಧವೇ.

ನಮ್ಮನೆಯವರ ವಾದ ಏನಂದ್ರೆ, ಕಾಣದ ಹಾವಿಗಿಂತ ಕಾಣುವ ಹಾವು ವಾಸಿ. ಗೊತ್ತಿದ್ದರೆ ಜಾಗ ಬಿಟ್ಟು ನಿಲ್ಲಬಹುದು. ಓಪನ್ ಕ್ಯಾರಿ ಪರ ಇರುವ ಪಕ್ಕದ ಮನೆಯ ಅಜ್ಜ ಹೇಳುವುದು ಇನ್ನೊಂದು: ಕಂಡರೆ ಕಳ್ಳ ಹಿಂಜರಿಯುತ್ತಾನೆ, ಬೇಕಾದಾಗ ಬೇಗ ಕೈಗೆ ಬರುತ್ತದೆ, ಮತ್ತೆ ಡಾಲಸ್‌ನ ಜುಲೈ ಬಿಸಿಲಲ್ಲಿ ಅದನ್ನು ಮುಚ್ಚಲು ಮೇಲೊಂದು ಅಂಗಿ ಹಾಕುವುದು ನರಕ. ಕೊನೆಯದನ್ನು ಒಪ್ಪುತ್ತೇನೆ. ಅಡಗಿಸುವವರು ಹೇಳುವುದು, ಕಂಡರೆ ಮೊದಲ ಗುಂಡು ನಿನಗೇ, ಇಲ್ಲವೇ ಹಿಂದಿನಿಂದ ಬಂದವನು ಕಿತ್ತುಕೊಳ್ಳುತ್ತಾನೆ.

ನಾನು ಮೊದಲು ನಮ್ಮನೆಯವರ ಕಡೆಯೇ ಇದ್ದೆ. 2016ರ ಜುಲೈ 7ರ ರಾತ್ರಿ ಬದಲಾದೆ. ಅವತ್ತು ಡಾಲಸ್ ಪೇಟೆಯ ಪ್ರತಿಭಟನಾ ಮೆರವಣಿಗೆಯಲ್ಲಿ ಒಬ್ಬ ಐದು ಪೊಲೀಸರನ್ನು ಕೊಂದ. ಮೆರವಣಿಗೆಯಲ್ಲಿ ಕಾನೂನುಬದ್ಧವಾಗಿಯೇ ರೈಫಲ್ ಹೊತ್ತು ಬಂದವರು ಸುಮಾರು ಜನ ಇದ್ದರು. ಗುಂಡಿನ ಸದ್ದಿಗೆ ಅವರೂ ಓಡಿದರು. ಯಾರು ಯಾರೆಂದು ಪೊಲೀಸರಿಗೇ ತಿಳಿಯಲಿಲ್ಲ. ಅವರಲ್ಲಿ ಒಬ್ಬನ ಫೋಟೋವನ್ನು ಶಂಕಿತ ಎಂದು ಊರಿಗೆಲ್ಲ ಹಂಚಿದರು. ಅವನೋ ತನ್ನ ರೈಫಲ್ಲನ್ನು ತಾನೇ ಪೊಲೀಸರ ಕೈಗೆ ಕೊಟ್ಟಿದ್ದ, ತಪ್ಪೇನೂ ಮಾಡಿರಲಿಲ್ಲ. ಟಿವಿ ನೋಡುತ್ತಾ ನನಗೆ ಹೊಳೆದದ್ದು ಇದು. ನಮ್ಮೂರಲ್ಲಿ ಕೋವಿ ಹೊರಗೆ ಬಂದರೆ ಅದು ಯಾರ ಮನೆಯದು, ಯಾಕೆ ಬಂತು, ಎಲ್ಲರಿಗೂ ಗೊತ್ತು. ಹಬ್ಬ, ಹುತ್ತರಿ, ಸಾವು. ಇಲ್ಲಿ ಸೊಂಟದ ಪಿಸ್ತೂಲಿಗೆ ಮನೆಯ ಹೆಸರಿಲ್ಲ. ಅದನ್ನು ಹೊತ್ತವನು ಒಳ್ಳೆಯವನೋ ಅಲ್ಲವೋ ಎಂದು ಲೆಕ್ಕ ಹಾಕುವ ಕೆಲಸ, ಮಗುವನ್ನು ಕಾರ್ಟಿನಲ್ಲಿ ಕೂರಿಸಿಕೊಂಡ ನನ್ನ ತಲೆಗೆ. ತರಲೇಬೇಕಿದ್ದರೆ ಮುಚ್ಚಿಕೊಂಡು ತರಲಿ. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ವೀಸಾದಲ್ಲಿ ಇರುವವರು ಮುಟ್ಟಲೇಬೇಡಿ

ಇದನ್ನು ಎರಡು ಸಲ ಓದಿ. ಎಚ್-1ಬಿ, ಎಲ್-1, ಎಫ್-1, ಎಚ್-4, ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಟೆಕ್ಸಾಸ್ ಏನೇ ಸಡಿಲ ಮಾಡಿರಲಿ, ಅದು ನಮಗಲ್ಲ. ಶಿಕ್ಷೆ 15 ವರ್ಷದವರೆಗೆ. ಗನ್ ಕೇಸಾದರೆ ದೇಶದಿಂದ ಹೊರಗೆ ಹಾಕುವುದಕ್ಕೂ ಅದೇ ಕಾರಣವಾಗಬಹುದು. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿ ಇಲ್ಲ.

ಜನ ಜಾರುವುದು ಶೂಟಿಂಗ್ ರೇಂಜಿನಲ್ಲಿ. ಟೀಮ್ ಔಟಿಂಗ್ ಎಂದು ಕರೆದುಕೊಂಡು ಹೋಗುತ್ತಾರೆ, ಬಾಡಿಗೆಗೆ ಗನ್ ಕೊಡುತ್ತಾರೆ, ಸೆಲ್ಫಿ ಬೇರೆ. ಐದು ನಿಮಿಷ ಕೈಯಲ್ಲಿ ಹಿಡಿದರೂ ಹಿಡಿದಂತೆಯೇ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. "ಆನ್‌ಲೈನಲ್ಲಿ ಬೇಟೆ ಲೈಸೆನ್ಸ್ ತಗೊಂಡ್ರೆ ಆಯ್ತು" ಎಂದು ಯಾರಾದರೂ ಹೇಳಿದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ನನ್ನ ಆಫೀಸಿನಲ್ಲಿ ಹೀಗೆ ಕರೆದಾಗ ನಾನು ಹೊರಗೆ ಕೂತು ಕಾಫಿ ಕುಡಿದೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಪ್ಲೇನೋದ ಪಕ್ಕದ ಮನೆಯವನಿಗೂ ಲೈಸೆನ್ಸ್ ಬೇಡ. ಎರಡೂ ಕಡೆಯ ನಡುವೆ ವೀಸಾ ಹಿಡಿದು ನಿಂತ ನಾನು ಮಾತ್ರ ಮುಟ್ಟುವ ಹಾಗಿಲ್ಲ!

ಕಾರು, ರಸ್ತೆ, ಬೇರೆಯವರ ಮನೆ ಬಾಗಿಲು

ಪೊಲೀಸ್ ನಿಲ್ಲಿಸಿದರೆ ಊರಿನ ಅಭ್ಯಾಸದಂತೆ ಕೆಳಗಿಳಿದು ಅವರ ಹತ್ತಿರ ಹೋಗಬೇಡಿ. ಕಾರಲ್ಲೇ ಕೂತಿರಿ, ರಾತ್ರಿಯಾದರೆ ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಡ್ರೈವಿಂಗ್ ಲೈಸೆನ್ಸ್ ಕಾರಿನ ಡ್ರಾಯರಿನಲ್ಲಿದ್ದರೆ ಹೇಳಿ, ಅವರು ಹೂಂ ಎಂದ ಮೇಲೆ ತೆಗೆಯಿರಿ. ಪ್ರತಿ ಕಾರಿನಲ್ಲೂ ಗನ್ ಇರಬಹುದು ಎಂದುಕೊಂಡೇ ಆ ಪೊಲೀಸ್ ನಡೆದು ಬರುತ್ತಿರುತ್ತಾನೆ. ಅವನ ಎದೆಯೂ ಹೊಡೆದುಕೊಳ್ಳುತ್ತಿರುತ್ತದೆ.

ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಹಾರ್ನ್ ಹೊಡೆದು, ಕೈ ತೋರಿಸಿ ಜಗಳ ತೆಗೆಯಬೇಡಿ. ಸಿಲ್ಕ್ ಬೋರ್ಡಿನ ಚಾಳಿ ಸಿಲ್ಕ್ ಬೋರ್ಡಿಗೇ ಇರಲಿ.

ಪಾರ್ಕಿಂಗಿನಲ್ಲಿ ನಿಮ್ಮದೇ ಕಾರು ಹೌದಾ ನೋಡಿ ಬಾಗಿಲು ತೆಗೆಯಿರಿ. 2023ರ ಏಪ್ರಿಲ್‌ನಲ್ಲಿ ಆಸ್ಟಿನ್ ಹತ್ತಿರದ ಎಲ್ಗಿನ್‌ನಲ್ಲಿ ಒಬ್ಬ ಹುಡುಗಿ ತಮ್ಮ ಕಾರೆಂದು ಬೇರೆಯವರ ಕಾರಿನ ಬಾಗಿಲು ತೆಗೆದಳು. ಒಳಗಿದ್ದವನು ಇಳಿದು ಬಂದು ಗುಂಡು ಹಾರಿಸಿದ. ಇಬ್ಬರು ಹುಡುಗಿಯರಿಗೆ ಗಾಯವಾಯಿತು. ನಮ್ಮವರಲ್ಲಿ ಅರ್ಧ ಜನರದು ಒಂದೇ ಬಣ್ಣದ ಕ್ಯಾಮ್ರಿ, ಅಲ್ವಾ? ಗುರುತಿಗೆ ಏನಾದರೂ ಕಟ್ಟಿಕೊಳ್ಳಿ. ನಾನು ಕನ್ನಡಿಗೆ ಹಳದಿ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಹಾಗೆಯೇ ಗಣಪತಿ ಹಬ್ಬದ ಆಮಂತ್ರಣ ಕೊಡಲು ಕತ್ತಲಾದ ಮೇಲೆ ವಿಳಾಸ ಗೊತ್ತಿಲ್ಲದ ಮನೆಗಳ ಬಾಗಿಲು ತಟ್ಟುತ್ತಾ ಹೋಗಬೇಡಿ. ಫೋನ್ ಮಾಡಿ, ಅವರೇ ಹೊರಗೆ ಬರಲಿ.

ಮಗುವನ್ನು ಆಡಲು ಕಳಿಸುವ ಮೊದಲು

ಹೊರಗೆ ಕಾಣುವ ಗನ್ನಿಗಿಂತ ನನಗೆ ಭಯ ಇರುವುದು ಮನೆಯ ಡ್ರಾಯರಿನಲ್ಲಿರುವುದರ ಬಗ್ಗೆ. ಕೇಳಲು ಸಂಕೋಚ ಆಗುತ್ತದೆ, ಗೊತ್ತು. ನಾನು ಹೀಗೆ ಸೇರಿಸಿ ಕೇಳುತ್ತೇನೆ: "ನನ್ನ ಮಗನಿಗೆ ಗೋಡಂಬಿ ಆಗಲ್ಲ, ಮನೇಲಿ ನಾಯಿ ಇದೆಯಾ, ಗನ್ ಇದ್ದರೆ ಬೀಗ ಹಾಕಿದೆಯಾ?" ಮೂರರಲ್ಲಿ ಒಂದಾಗಿ ಕೇಳಿದರೆ ಯಾರಿಗೂ ಚುಚ್ಚುವುದಿಲ್ಲ. ಇಲ್ಲಿಯವರೆಗೆ ಯಾರೂ ಮುಖ ತಿರುಗಿಸಿಲ್ಲ. ಒಬ್ಬಾಕೆ ಕರೆದುಕೊಂಡು ಹೋಗಿ ತಿಜೋರಿಯನ್ನೇ ತೋರಿಸಿದಳು. 17ಕ್ಕಿಂತ ಚಿಕ್ಕವರ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಗನ್ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ.

ಊರಿಗೆ ಹೊರಡುವಾಗ

ಸ್ನೇಹಿತರ ಬ್ಯಾಗ್ ಎರವಲು ತಂದಿದ್ದರೆ ಎಲ್ಲ ಜೇಬೂ ತಿರುವಿ ನೋಡಿ. ರೇಂಜಿಗೆ ಹೋಗುವವರ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೆ ನಮ್ಮ ಏರ್‌ಪೋರ್ಟಿನಲ್ಲಿ ಅದು ಶಸ್ತ್ರಾಸ್ತ್ರ ಕಾಯ್ದೆಯ ಕೇಸು, ವಿಮಾನ ತಪ್ಪಿದ ಹಾಗೆಯೇ.

ವಾಪಸ್ ಬರುವಾಗಲೂ ನೋಡಿ. ಹೋದ ಕೈಲ್ ಮುಹೂರ್ತಕ್ಕೆ ಊರಿಗೆ ಹೋಗಿದ್ದೆವು. ತೆಂಗಿನಕಾಯಿಗೆ ಹೊಡೆದ ಖಾಲಿ ತೋಟಾ ಒಂದನ್ನು ಅಪ್ಪ ಮೊಮ್ಮಗನ ಕೈಗೆ ಕೊಟ್ಟಿದ್ದರು. ಮೈಸೂರಿನಲ್ಲಿ ಅತ್ತೆ ಮನೆಯಲ್ಲಿ ಅವನ ಚಡ್ಡಿ ಒಗೆಯಲು ಹಾಕುವಾಗ ನನಗೆ ಸಿಕ್ಕಿತು. ಈಗ ಅದು ಅತ್ತೆಯ ಶೋಕೇಸಿನಲ್ಲಿ, ಗೊಂಬೆಗಳ ಪಕ್ಕ ಇದೆ.