ಹದಿನೆಂಟರ ಹುಡುಗನ ಆಟವನ್ನು ಅಳೆಯುವುದು ಹೇಗೆ: ಎಎಫ್‌ಎಲ್ ಡ್ರಾಫ್ಟ್ ಆಟಗಾರರನ್ನು ಗಮನಿಸುವವರಿಗೆ

ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಅಗ್ರ ಲೀಗ್ ಆದ ಎಎಫ್‌ಎಲ್‌ನ ಕ್ಲಬ್‌ಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ 2001ರ ನವೆಂಬರಿನಲ್ಲಿ ನಡೆದಾಗ, ಹಾಥಾರ್ನ್ ಕ್ಲಬ್ ಲ್ಯೂಕ್ ಹಾಜ್ ಅವರನ್ನು ಮೊದಲನೆಯವರಾಗಿ, ಸೇಂಟ್ ಕಿಲ್ಡಾ ಲ್ಯೂಕ್ ಬಾಲ್ ಅವರನ್ನು ಎರಡನೆಯವರಾಗಿ, ವೆಸ್ಟ್ ಕೋಸ್ಟ್ ಕ್ರಿಸ್ ಜಡ್ ಅವರನ್ನು ಮೂರನೆಯವರಾಗಿ ಆರಿಸಿಕೊಂಡವು. ಈ ಮೂವರೂ ದೊಡ್ಡ ಆಟಗಾರರಾದರು. ಆ ಮಟ್ಟಿಗೆ ಆಯ್ಕೆಗಾರರ ಕಣ್ಣು ತಪ್ಪಲಿಲ್ಲ. ಆದರೆ ಋತುವಿನ ಶ್ರೇಷ್ಠ ಆಟಗಾರನಿಗೆ ಅಂಪೈರ್‌ಗಳ ಮತದಿಂದ ಸಲ್ಲುವ ಬ್ರೌನ್‌ಲೋ ಪದಕವನ್ನು ಅದೇ ಡ್ರಾಫ್ಟ್‌ನ ಐವರು ಗೆದ್ದರು. ಜಡ್ (2004, 2010) ಅವರಲ್ಲದೆ, 8ನೇ ಆಯ್ಕೆಯ ಜಿಮ್ಮಿ ಬಾರ್ಟೆಲ್ (2007), 40ನೇ ಆಯ್ಕೆಯ ಗ್ಯಾರಿ ಆಬ್ಲೆಟ್ ಜೂನಿಯರ್ (2009, 2013), 58ನೇ ಆಯ್ಕೆಯ ಡೇನ್ ಸ್ವಾನ್ (2011) ಹಾಗೂ 36ನೇ ಆಯ್ಕೆಯ ಸ್ಯಾಮ್ ಮಿಚೆಲ್ (2012, ಟ್ರೆಂಟ್ ಕಾಚಿನ್ ಅವರೊಂದಿಗೆ ಹಂಚಿಕೊಂಡು) ಆ ಸಾಲಿನಲ್ಲಿದ್ದಾರೆ. ಮಿಚೆಲ್ ಅವರನ್ನಂತೂ 2000ರ ಡ್ರಾಫ್ಟ್‌ನಲ್ಲಿ ಯಾವ ಕ್ಲಬ್ಬೂ ಆರಿಸಿರಲಿಲ್ಲ. ಹತ್ತಾರು ವೃತ್ತಿಪರ ಆಯ್ಕೆಗಾರರು ವರ್ಷಗಟ್ಟಲೆ ನೋಡಿದ ಮೇಲೂ ಹೀಗಾಗುತ್ತದೆ ಎಂದ ಮೇಲೆ, ಹೊರಗಿನಿಂದ ನೋಡುವ ನಾವು ಹುಡುಗರ ಬಗ್ಗೆ ತೀರ್ಪು ಕೊಡುವಾಗ ಒಂದು ಕ್ರಮವನ್ನು ಪಾಲಿಸುವುದು ಅಗತ್ಯ. ಅನೇಕ ಋತುಗಳ ವೀಕ್ಷಣೆಯಿಂದ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೆಲ್ಬರ್ನ್‌ನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಂದ ಮಕ್ಕಳು ಈ ಆಟವನ್ನು ಎಳೆಯರಿಗೆ ಕಲಿಸುವ ಆಸ್‌ಕಿಕ್‌ಗೆ ಹೋಗುವುದು ಈಗ ಹೊಸದಲ್ಲ. ಮಕ್ಕಳ ಹಿಂದೆ ಮೈದಾನಕ್ಕೆ ಹೋದ ತಂದೆತಾಯಂದಿರೂ ಈ ಆಟದ ಗುಂಗು ಹಿಡಿಸಿಕೊಂಡಿದ್ದಾರೆ. ಅಂಥವರಿಗಾಗಿ ಒಂದೆರಡು ಮಾತಿನಲ್ಲಿ ಹಿನ್ನೆಲೆ ಹೇಳುವುದಾದರೆ, ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ಕ್ಲಬ್ಬಿಗೆ ಮೊದಲ ಆಯ್ಕೆ ಸಿಗುವುದು ಡ್ರಾಫ್ಟ್‌ನ ಮೂಲ ನಿಯಮ, ಮತ್ತು ಆ ವರ್ಷದ ಡಿಸೆಂಬರ್ 31ರೊಳಗೆ ಹದಿನೆಂಟು ತುಂಬುವವರು ಅದಕ್ಕೆ ಅರ್ಹರು. ಆಯ್ಕೆಗೆ ಮುನ್ನ ವಿಕ್ಟೋರಿಯಾದ ಹುಡುಗರನ್ನು ಕೋಟ್ಸ್ ಟ್ಯಾಲೆಂಟ್ ಲೀಗ್‌ನಲ್ಲಿ, ದಕ್ಷಿಣ ಆಸ್ಟ್ರೇಲಿಯಾದವರನ್ನು ಅಲ್ಲಿನ ರಾಜ್ಯ ಲೀಗ್ ಎಸ್‌ಎಎನ್‌ಎಫ್‌ಎಲ್‌ನ ಕಿರಿಯರ ಪಂದ್ಯಗಳಲ್ಲಿ, ಪಶ್ಚಿಮದವರನ್ನು ಅಲ್ಲಿನ ಲೀಗ್ ಡಬ್ಲ್ಯೂಎಎಫ್‌ಎಲ್‌ನ ಕಿರಿಯರ ವಿಭಾಗವಾದ ಕೋಲ್ಟ್ಸ್‌ನಲ್ಲಿ ನೋಡಬಹುದು; ಎಲ್ಲ ರಾಜ್ಯಗಳ ಉತ್ತಮರು ಒಬ್ಬರನ್ನೊಬ್ಬರು ಎದುರಿಸುವುದು ಹದಿನೆಂಟರೊಳಗಿನವರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ.

ಮೊದಲು ಆಯ್ಕೆಯ ಸಂಖ್ಯೆಯನ್ನು ಬದಿಗಿಡಿ. ಅದು ಯಾವಾಗಲೂ ಹುಡುಗನ ಯೋಗ್ಯತೆಯ ಅಂದಾಜೂ ಆಗಿರುವುದಿಲ್ಲ. ಆಬ್ಲೆಟ್ ಅವರ 40ನೇ ಸಂಖ್ಯೆಯನ್ನೇ ನೋಡಿ: ಒಂದು ಕ್ಲಬ್ಬಿಗಾಗಿ 100 ಪಂದ್ಯವಾದರೂ ಆಡಿದವರ ಮಗನನ್ನು ಅದೇ ಕ್ಲಬ್ಬು ಆದ್ಯತೆಯಿಂದ ಪಡೆಯಬಹುದಾದ ತಂದೆ-ಮಗ ನಿಯಮದಡಿ ಜೀಲಾಂಗ್ ಅವರನ್ನು ಪಡೆಯಿತು, ಮತ್ತು ಆಗಿನ ಪದ್ಧತಿಯಲ್ಲಿ ಅದಕ್ಕೆ ತೆರಬೇಕಾದ ಬೆಲೆ ಮೂರನೆಯ ಸುತ್ತಿನ ಒಂದು ಆಯ್ಕೆ ಮಾತ್ರವಾಗಿತ್ತು. ಬೇರೆ ಕ್ಲಬ್‌ಗಳು ಆ ಹುಡುಗನಿಗೆ ಎಷ್ಟು ಬೆಲೆ ಕಟ್ಟಿದ್ದವು ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. 2007ರಿಂದ ಬೇರೆ ಕ್ಲಬ್‌ಗಳು ಅಂಥ ಹುಡುಗನಿಗಾಗಿ ತಮ್ಮ ಆಯ್ಕೆಯನ್ನು ಮುಂದಿಟ್ಟು ಬಿಡ್ ಮಾಡುವ ಪದ್ಧತಿಯೂ, 2015ರಿಂದ ಪ್ರತಿ ಆಯ್ಕೆಗೂ ಇಂತಿಷ್ಟು ಅಂಕವೆಂಬ ಲೆಕ್ಕವೂ ಬಂದ ಮೇಲೆ ಈ ಅಂತರ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಮುಂದೆ ನೋಡಬೇಕಾದದ್ದು ಹುಟ್ಟಿದ ತಿಂಗಳು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಡ್ರಾಫ್ಟ್‌ಗೆ ಬರುತ್ತಾರೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಭುಜದ ಅಗಲದಲ್ಲಿ, ಎದುರಾಳಿಯನ್ನು ಹಿಡಿದು ತಡೆಯುವ ಟ್ಯಾಕಲ್‌ನ ಬಲದಲ್ಲಿ ಕಣ್ಣಿಗೆ ರಾಚುವ ವ್ಯತ್ಯಾಸ. ಬೇಗ ಬಲಿತ ಮೈಯ ಹುಡುಗ ತನ್ನ ಓರಗೆಯವರನ್ನು ಬರಿಯ ತೂಕದಿಂದ ಪಕ್ಕಕ್ಕೆ ಸರಿಸಿ ಚೆಂಡು ಗೆಲ್ಲುತ್ತಿದ್ದರೆ, ಎದುರಿಗೆ ಇಪ್ಪತ್ತಾರರ ಗಂಡಸು ನಿಂತಾಗ ಅವನಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಸಣಕಲು ಹುಡುಗನೊಬ್ಬ ಕಾಲುಗಳ ಚುರುಕಿನಿಂದಲೋ ಮುಂದಾಲೋಚನೆಯಿಂದಲೋ ಅದೇ ಚೆಂಡನ್ನು ಗೆಲ್ಲುತ್ತಿದ್ದರೆ, ಮೈ ಬೆಳೆದ ಮೇಲೆ ಅದಕ್ಕೆ ಬಲವೂ ಸೇರಿಕೊಳ್ಳುತ್ತದೆ. 2013ರ ಡ್ರಾಫ್ಟ್‌ನ 4ನೇ ಆಯ್ಕೆಯಾದ ಮಾರ್ಕಸ್ ಬಾಂಟೆಂಪೆಲ್ಲಿ ನವೆಂಬರಿನ ಕೊನೆಯ ವಾರದಲ್ಲಿ ಹುಟ್ಟಿದವರು, ಅಂದರೆ ತಮ್ಮ ಗುಂಪಿನ ತೀರ ಕಿರಿಯರಲ್ಲಿ ಒಬ್ಬರು; ವೆಸ್ಟರ್ನ್ ಬುಲ್‌ಡಾಗ್ಸ್‌ನ ನಾಯಕರಾಗಿ ಅವರು ತಲುಪಿದ ಎತ್ತರ ಎಲ್ಲರಿಗೂ ಗೊತ್ತಿದೆ.

ಪಂದ್ಯಕ್ಕೆ ಹೋದಾಗ ಮೊದಲ ಕ್ವಾರ್ಟರ್ ಪೂರ್ತಿ ಕಣ್ಣನ್ನು ಒಬ್ಬನೇ ಹುಡುಗನ ಮೇಲೆ ಇಡಬೇಕು, ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿದ್ದರೂ. ಇದು ಕಷ್ಟದ ಕೆಲಸ, ಏಕೆಂದರೆ ಚೆಂಡು ಹೋದತ್ತ ಕಣ್ಣು ತಾನಾಗಿ ಹೋಗುತ್ತದೆ. ಆದರೆ ಟಿವಿಯಲ್ಲಿ ಸಿಗದ ವಿಷಯಗಳೆಲ್ಲ ಅಲ್ಲೇ ಇರುತ್ತವೆ. ತನ್ನ ತಂಡ ಚೆಂಡು ಕಳೆದುಕೊಂಡ ಮೊದಲ ನಾಲ್ಕೈದು ಸೆಕೆಂಡುಗಳಲ್ಲಿ ಅವನು ಏನು ಮಾಡುತ್ತಾನೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆಯೋ, ಎದುರಾಳಿಯ ಹಿಂದೆ ಓಡುತ್ತಾನೆಯೋ ನೋಡಿ. ಚೆಂಡು ಕೈಗೆ ಬರುವ ಮುನ್ನ ಒಮ್ಮೆಯಾದರೂ ಸುತ್ತ ಕಣ್ಣು ಹಾಯಿಸುತ್ತಾನೆಯೇ, ಅಥವಾ ಬಂದ ಮೇಲೆ ಯಾರಿಗೆ ಕೊಡಲೆಂದು ಹುಡುಕುತ್ತಾನೆಯೇ ಎಂಬುದನ್ನು ಗುರುತಿಸಿ. ನನ್ನ ಮಟ್ಟಿಗೆ ಎಲ್ಲ ಲಕ್ಷಣಗಳಿಗಿಂತ ಹೆಚ್ಚು ನಂಬಬಹುದಾದದ್ದು ಇದೇ, ಏಕೆಂದರೆ ಮೇಲಿನ ಮಟ್ಟದಲ್ಲಿ ಸಿಗುವ ಸಮಯ ಅರ್ಧಕ್ಕರ್ಧ ಇಳಿದಾಗ ಮೊದಲು ಮುಳುಗುವವರು ತಡವಾಗಿ ನೋಡುವವರು. ಹಸಿ ನೆಲದಲ್ಲಿ, ಮೊಣಕಾಲಿನ ಕೆಳಗೆ ಉರುಳಿ ಬಂದ ಚೆಂಡನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುವವನ ಹೆಸರಿನ ಮುಂದೆ ಗುರುತು ಹಾಕಿ. ಬಲಗಾಲಿನವನನ್ನು ಎಡಕ್ಕೆ ತಳ್ಳಿದಾಗ ಎಡಗಾಲಿನಿಂದ ಒದೆಯುವ ಧೈರ್ಯ ಮಾಡುತ್ತಾನೆಯೇ, ಇಲ್ಲವೇ ಸುತ್ತು ಹಾಕಿ ಮತ್ತೆ ಬಲಗಾಲಿಗೇ ಬರಲು ಹೋಗಿ ಸಿಕ್ಕಿಬೀಳುತ್ತಾನೆಯೇ ಎಂಬುದೂ ಮುಖ್ಯ. ಈ ಕೊರತೆಯನ್ನು ತಿದ್ದಬಹುದು, ಆದರೆ ತಿದ್ದಲು ಒಂದೆರಡು ವರ್ಷ ಹಿಡಿಯುತ್ತದೆ.

ಎತ್ತರದ ಆಟಗಾರರನ್ನು ಬೇರೆ ರೀತಿ ನೋಡಬೇಕು. ಕೀ ಫಾರ್ವರ್ಡ್, ಅಂದರೆ ಗೋಲಿನ ಮುಂದೆ ಆಡುವ ಎತ್ತರದ ಆಟಗಾರ, ಎಷ್ಟು ಗೋಲು ಹೊಡೆದ ಎಂಬುದಕ್ಕಿಂತ, ಎಷ್ಟು ಸಲ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಓಡಿದ ಎಂಬುದನ್ನು ಎಣಿಸಿ. ಮಿಡ್‌ಫೀಲ್ಡ್‌ನಿಂದ ಒದೆತ ಕೆಟ್ಟದಾಗಿ ಬಂದರೆ ಅದು ಅವನ ತಪ್ಪಲ್ಲ. ಮೇಲೆಸೆದ ಚೆಂಡನ್ನು ತನ್ನವರತ್ತ ತಟ್ಟುವ ರಕ್‌ಮನ್ ಜಿಗಿಯುವುದನ್ನು ನೋಡಿದಷ್ಟೇ ಎಚ್ಚರದಿಂದ, ಜಿಗಿದ ಮೇಲೆ ನೆಲಕ್ಕೆ ಬಿದ್ದ ಚೆಂಡಿನ ಹಿಂದೆ ಅವನು ಬಾಗುತ್ತಾನೆಯೇ ಎಂಬುದನ್ನೂ ನೋಡಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಸರಾಸರಿಯ ಮೇಲೆ ಬಲವಾದ ನಂಬಿಕೆ. ಈ ಆಟದಲ್ಲಿ ಆ ನಂಬಿಕೆ ಬೇಗ ದಾರಿ ತಪ್ಪಿಸುತ್ತದೆ. ಒಂದು ಪಂದ್ಯದಲ್ಲಿ ಮೂವತ್ತು ಡಿಸ್ಪೋಸಲ್ ಎಂದರೆ ಮೂವತ್ತು ಸಲ ಚೆಂಡನ್ನು ಒದ್ದ ಅಥವಾ ಮುಷ್ಟಿಯಿಂದ ಹೊಡೆದು (ಹ್ಯಾಂಡ್‌ಬಾಲ್) ಕೊಟ್ಟ ಎಂದಷ್ಟೇ ಅರ್ಥ. ಹಿಂಭಾಗದಲ್ಲಿ ಒಂಟಿಯಾಗಿ ನಿಂತು ಪಕ್ಕದವನಿಗೆ ಕೊಟ್ಟ ಹತ್ತು ಒದೆತಗಳೂ, ಗುಂಪಿನ ನಡುವೆ ಮೂವರ ಕೈಯಿಂದ ಬಿಡಿಸಿಕೊಂಡು ಹೊರಹಾಕಿದ ಹತ್ತು ಚೆಂಡುಗಳೂ ಆ ಲೆಕ್ಕದಲ್ಲಿ ಸಮಾನ. ಆದ್ದರಿಂದ ಒಟ್ಟು ಸಂಖ್ಯೆಯ ಪಕ್ಕದಲ್ಲಿ ಎದುರಾಳಿಯ ಒತ್ತಡದಲ್ಲಿ ಗೆದ್ದ ಚೆಂಡುಗಳ ಸಂಖ್ಯೆ, ಗುಂಪಿನಿಂದ ಚೆಂಡನ್ನು ಹೊರತಂದ ಕ್ಲಿಯರೆನ್ಸ್‌ಗಳು ಹಾಗೂ ಟ್ಯಾಕಲ್‌ಗಳನ್ನು ಇಟ್ಟು ಓದಿ. ಒದೆತದ ಪರಿಣಾಮಕಾರಿತ್ವದ ಶೇಕಡಾವಾರು ಲೆಕ್ಕವಂತೂ ಇನ್ನಷ್ಟು ಎಚ್ಚರ ಬೇಡುತ್ತದೆ. 40 ಮೀಟರಿಗಿಂತ ಉದ್ದದ ಒದೆತ ಇಬ್ಬರಿಗೂ ಸಮ ಅವಕಾಶವಿರುವ ಜಾಗಕ್ಕೆ ಬಿದ್ದರೂ ಪರಿಣಾಮಕಾರಿ ಎನಿಸಿಕೊಳ್ಳುತ್ತದೆ, ಗಿಡ್ಡ ಒದೆತವಾದರೆ ಗುರಿಯಿಟ್ಟ ಜೊತೆಗಾರನಿಗೇ ದಕ್ಕಬೇಕು. ಹೀಗಾಗಿ ಒಬ್ಬನಿಗೆ ಶೇ 80, ಇನ್ನೊಬ್ಬನಿಗೆ ಶೇ 65 ಎಂದು ಕಂಡಾಗ ಅವರು ಮೈದಾನದ ಯಾವ ಭಾಗದಲ್ಲಿ ಒದೆಯುತ್ತಿದ್ದರು ಎಂದು ತಿಳಿಯದೆ ಹೋಲಿಸುವುದು ನ್ಯಾಯವಲ್ಲ.

ಡ್ರಾಫ್ಟ್‌ಗೆ ಮುನ್ನ ಹುಡುಗರ ದೇಹಶಕ್ತಿ ಅಳೆಯುವ ಅಕ್ಟೋಬರಿನ ಡ್ರಾಫ್ಟ್ ಕಂಬೈನ್‌ನಲ್ಲಿ 20 ಮೀಟರ್ ಓಟ, ಲಂಬ ಜಿಗಿತ, ಚುರುಕುತನದ ಪರೀಕ್ಷೆ, 2 ಕಿಲೋಮೀಟರ್ ಓಟ ಮುಂತಾದವು ನಡೆಯುತ್ತವೆ. ಇವುಗಳಲ್ಲಿ ದೂರದ ಓಟಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆಟದ ನಡುವೆ ಆಟಗಾರರನ್ನು ಬದಲಿಸುವ ಮಿತಿ 2021ರಿಂದ ಪಂದ್ಯಕ್ಕೆ 75ಕ್ಕೆ ಇಳಿದ ಮೇಲೆ, ಕೊನೆಯ ಕ್ವಾರ್ಟರ್‌ನಲ್ಲೂ ಓಡಬಲ್ಲವನಿಗೆ ಬೇಡಿಕೆ ಏರಿದೆ. ಆದರೂ ಪರೀಕ್ಷೆಯ ಅಂಕಿ ಮೈಯ ಶಕ್ತಿಯನ್ನು ಹೇಳೀತೇ ಹೊರತು ಆಟದ ತಿಳಿವನ್ನಲ್ಲ. ಸ್ಟೀಪಲ್‌ಚೇಸ್ ಓಟಗಾರರಾಗಿದ್ದ ಮಾರ್ಕ್ ಬ್ಲಿಕಾವ್ಸ್ ಅವರನ್ನು ಜೀಲಾಂಗ್ ರೂಕಿಯಾಗಿ, ಅಂದರೆ ಮುಖ್ಯ ಪಟ್ಟಿಯ ಹೊರಗಿನ ಕಲಿಕೆಯ ಆಟಗಾರನಾಗಿ, ತೆಗೆದುಕೊಂಡಾಗ ಆಟವನ್ನು ಮೊದಲಿನಿಂದ ಕಲಿಸಬೇಕೆಂಬುದು ಗೊತ್ತಿದ್ದೇ ತೆಗೆದುಕೊಂಡಿತು. ಆ ತಾಳ್ಮೆಗೆ ಫಲವಾಗಿ ಅವರು 2015 ಮತ್ತು 2018ರಲ್ಲಿ ಕ್ಲಬ್ಬಿನ ಶ್ರೇಷ್ಠ ಆಟಗಾರರಾದರು.

ಡ್ರಾಫ್ಟ್ ಮುಗಿದ ನಂತರ ನಮ್ಮ ಕೆಲಸ ಇನ್ನೂ ಕಷ್ಟವಾಗುತ್ತದೆ, ಏಕೆಂದರೆ ಎಲ್ಲ ಸ್ಥಾನಗಳ ಆಟಗಾರರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಮಿಡ್‌ಫೀಲ್ಡರ್‌ಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜ: 2018ರ ಮೊದಲ ಆಯ್ಕೆ ಸ್ಯಾಮ್ ವಾಲ್ಶ್ ಮರುವರ್ಷವೇ ಶ್ರೇಷ್ಠ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಪಡೆದರು. ಎತ್ತರದವರಿಗೆ ಗಾದೆಯನ್ನು ಹಾಗೆಯೇ ಅನ್ವಯಿಸಿದರೆ ಮೋಸಹೋಗುತ್ತೇವೆ. ಮ್ಯಾಕ್ಸ್ ಗಾನ್ ಅವರನ್ನು ಮೆಲ್ಬರ್ನ್ ಕ್ಲಬ್ 2009ರಲ್ಲಿ 34ನೆಯವರಾಗಿ ಆರಿಸಿತು. ಮೊಣಕಾಲಿನ ಗಾಯಗಳು ತಡೆದವು, 2011ರಲ್ಲಿ ಮೊದಲ ಪಂದ್ಯವಾಡಿದರು, ಋತುವಿನ ಶ್ರೇಷ್ಠರನ್ನು ಆರಿಸಿ ಹೆಸರಿಸುವ ಆಲ್-ಆಸ್ಟ್ರೇಲಿಯನ್ ತಂಡಕ್ಕೆ ಮೊದಲ ಸಲ ಬಂದದ್ದು 2016ರಲ್ಲಿ. ಮೂರನೆಯ ವರ್ಷದಲ್ಲಿ ಲೆಕ್ಕ ಚುಕ್ತಾ ಮಾಡಿದ್ದರೆ, 57 ವರ್ಷಗಳ ಬಳಿಕ 2021ರಲ್ಲಿ ಕ್ಲಬ್ಬಿಗೆ ಲೀಗ್ ಪ್ರಶಸ್ತಿಯಾದ ಪ್ರೀಮಿಯರ್‌ಶಿಪ್ ತಂದ ನಾಯಕನನ್ನು ನಾವು ಕೈಬಿಟ್ಟಂತಾಗುತ್ತಿತ್ತು. ವೆಸ್ಟ್ ಕೋಸ್ಟ್‌ನ ಜೆರೆಮಿ ಮೆಕ್‌ಗವರ್ನ್ ರೂಕಿ ಡ್ರಾಫ್ಟ್‌ನಿಂದ ಬಂದವರು, 2014ರವರೆಗೆ ಹಿರಿಯರ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. 2018ರ ಗ್ರ್ಯಾಂಡ್ ಫೈನಲ್‌ನಲ್ಲಿ ಗೆಲುವಿನ ಗೋಲಿಗೆ ದಾರಿಯಾದ ಸರಣಿ ಶುರುವಾದದ್ದು ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುನ್ನವೇ ಅವರು ಹಿಡಿದ ಮಾರ್ಕ್‌ನಿಂದ.

ಹಾಗಾಗಿ ಕಿರಿಯ ಮಿಡ್‌ಫೀಲ್ಡರ್‌ಗೆ ಎರಡು ಪೂರ್ಣ ಋತು, ಕೀ ಡಿಫೆಂಡರ್ ಮತ್ತು ಕೀ ಫಾರ್ವರ್ಡ್‌ಗೆ ನಾಲ್ಕು, ರಕ್‌ಮನ್‌ಗೆ ಐದೋ ಆರೋ ಋತು ಎಂದು ನಾನು ಗಡುವು ಇಟ್ಟುಕೊಂಡಿದ್ದೇನೆ. ಅದಕ್ಕೆ ಮುಂಚೆ ನೋಡಬೇಕಾದದ್ದು ಮಟ್ಟವನ್ನಲ್ಲ, ಏರಿಕೆಯನ್ನು. ಕಳೆದ ವರ್ಷ ಎರಡನೆಯ ಹಂತದ ಲೀಗ್‌ನಲ್ಲಿ ಅರ್ಧ ಪಂದ್ಯಕ್ಕೆ ಸುಸ್ತಾಗುತ್ತಿದ್ದವನು ಈ ವರ್ಷ ಕೊನೆಯವರೆಗೆ ನಿಲ್ಲುತ್ತಿದ್ದಾನೆಯೇ, ತಳ್ಳಾಟದಲ್ಲಿ ಬೀಳುತ್ತಿದ್ದವನು ಕಾಲೂರಿ ನಿಂತಿದ್ದಾನೆಯೇ, ಎಡಗಾಲಿನ ಒದೆತ ಸುಧಾರಿಸಿದೆಯೇ ಎಂಬ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ, ಹಿರಿಯರ ತಂಡದಲ್ಲಿ ಇನ್ನೂ ಜಾಗ ಸಿಗದಿದ್ದರೂ ಆ ಹುಡುಗ ಸರಿಯಾದ ದಾರಿಯಲ್ಲಿದ್ದಾನೆ. ಬಲವಾದ ತಂಡದಲ್ಲಿ ಜಾಗಕ್ಕಾಗಿ ಕಾಯುವವನನ್ನೂ, ಬಡ ತಂಡದಲ್ಲಿ ಆಟಗಾರರ ಕೊರತೆಯಿಂದ ಬೇಗ ಇಳಿದವನನ್ನೂ ಬರಿಯ ಪಂದ್ಯಗಳ ಸಂಖ್ಯೆಯಿಂದ ಹೋಲಿಸಬೇಡಿ.

ಆಟದ ಹೊರಗಿನ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತೀರ್ಪು ಅಪೂರ್ಣ. ಹದಿನೆಂಟರ ಹುಡುಗ ಡ್ರಾಫ್ಟ್‌ನ ಮರುದಿನ ಊರು ಬಿಟ್ಟು ಸಾವಿರಾರು ಕಿಲೋಮೀಟರ್ ದೂರದ ನಗರಕ್ಕೆ ಹೋಗಬೇಕಾಗಬಹುದು. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹಾಸ್ಟೆಲ್ ಸೇರಿದವರಿಗೆ ಆ ಮೊದಲ ತಿಂಗಳುಗಳು ಹೇಗಿರುತ್ತವೆಂದು ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ 10ನೇ ಆಯ್ಕೆಯಾಗಿ ಅಡಿಲೇಡ್ ಸೇರಿದ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಶಾಲೆಯ ಕೊನೆಯ ವರ್ಷ ಮುಗಿಸಲು 2008ರಲ್ಲಿ ವಿಕ್ಟೋರಿಯಾದಲ್ಲೇ ಉಳಿದರು, ಕ್ಲಬ್ ಒಪ್ಪಿತು. ಆ ವರ್ಷದ ಅವರ ಅಂಕಿಗಳನ್ನಷ್ಟೇ ನೋಡಿದವರಿಗೆ ಮುಂದಿನ ಬ್ರೌನ್‌ಲೋ ವಿಜೇತ ಕಾಣುತ್ತಿರಲಿಲ್ಲ. ಬ್ರಿಸ್ಬೇನ್ ಲಯನ್ಸ್ 2013ರ ಋತು ಮುಗಿದೊಡನೆ ಐವರು ಯುವ ಆಟಗಾರರನ್ನು ಒಟ್ಟಿಗೆ ಕಳೆದುಕೊಂಡಿತು. ಅವರಲ್ಲಿ ಕಾರ್ಲ್‌ಟನ್‌ಗೆ ಹೋದ ಸ್ಯಾಮ್ ಡೊಕರ್ಟಿ ಮತ್ತು ವೆಸ್ಟ್ ಕೋಸ್ಟ್‌ಗೆ ಹೋದ ಎಲಿಯಟ್ ಯೋ 2017ರ ಆಲ್-ಆಸ್ಟ್ರೇಲಿಯನ್ ತಂಡದಲ್ಲಿದ್ದರು.

ಗಾಯದ ವಿಷಯದಲ್ಲಿ, ಡಿಕ್ಕಿಯಿಂದ ಮುರಿದ ಮೂಳೆಯನ್ನೂ ಮತ್ತೆ ಮತ್ತೆ ಸೆಳೆಯುವ ತೊಡೆಯ ಹಿಂಭಾಗದ ಸ್ನಾಯುವನ್ನೂ ಬೇರೆ ಬೇರೆ ಬರೆದಿಡಿ. ಮೊದಲನೆಯದು ಬಹುತೇಕ ದುರದೃಷ್ಟ, ಎರಡನೆಯದು ಪ್ರತಿ ಋತುವಿನಲ್ಲೂ ಅಭ್ಯಾಸದ ವಾರಗಳನ್ನು ಕಿತ್ತುಕೊಳ್ಳುತ್ತದೆ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಹುಡುಗನಿಗೂ ಒಂದು ಪುಟ: ಹುಟ್ಟಿದ ತಿಂಗಳು, ಎತ್ತರ, ನೋಡಿದ ದಿನ, ಎದುರಾಳಿ ತಂಡ, ಹವಾಮಾನ, ಆಡಿದ ಸ್ಥಾನ, ಕಣ್ಣಾರೆ ಕಂಡ ಮೂರು ಸಂಗತಿಗಳು ಮತ್ತು ನಿಮ್ಮ ಊಹೆ. ಊಹೆಯ ಪಕ್ಕದಲ್ಲಿ ಏನು ಕಂಡರೆ ಅದನ್ನು ಬದಲಿಸುತ್ತೀರಿ ಎಂಬುದನ್ನೂ ಅಂದೇ ಬರೆಯಿರಿ. ಋತುವಿನಲ್ಲಿ ಒಬ್ಬನನ್ನು ಕನಿಷ್ಠ ಮೂರು ಸಲ, ಅದರಲ್ಲೊಮ್ಮೆ ಅವನ ತಂಡ ಹೀನಾಯವಾಗಿ ಸೋಲುತ್ತಿರುವಾಗ, ನೋಡಲು ಪ್ರಯತ್ನಿಸಿ. ಹಳೆಯ ಸಾಲುಗಳನ್ನು ಅಳಿಸದೆ, ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ದಿನಾಂಕ ಹಾಕಿ ಹೊಸ ಸಾಲು ಸೇರಿಸಿ. ಮೂರು ನಾಲ್ಕು ವರ್ಷಗಳ ನಂತರ ಆ ಕೆಂಪು ಸಾಲುಗಳನ್ನಷ್ಟೇ ಒಟ್ಟಿಗೆ ಓದಿದರೆ, ಎತ್ತರದ ಹುಡುಗರನ್ನು ನೀವು ಬೇಗ ಕೈಬಿಡುತ್ತೀರೋ, ವೇಗದವರಿಗೆ ಸುಲಭವಾಗಿ ಮಾರುಹೋಗುತ್ತೀರೋ ಎಂಬುದು ಅಲ್ಲಿ ಕಾಣುತ್ತದೆ, ಮತ್ತು ಮುಂದಿನ ಡ್ರಾಫ್ಟ್‌ಗೆ ಮುನ್ನ ಯಾವ ಬಗೆಯ ಆಟಗಾರರನ್ನು ಇನ್ನೊಂದು ಸಲ ನೋಡಿ ಬರಬೇಕೆಂಬುದು ಗೊತ್ತಾಗುತ್ತದೆ.