ಮಾಡೆಲ್ ಕಾರಿಗೆ ಹಿತ್ತಾಳೆ ಹೊಳಪು: ನಾನು ಮಾಡುವ ರೀತಿ

ಸ್ಕೇಲ್ ಮಾಡೆಲ್ ಕಾರಿನ ಮೇಲೆ ಹಿತ್ತಾಳೆ ತೋರಿಸಬೇಕಾದಾಗ ಎಲ್ಲರೂ ಸೀದಾ ಗೋಲ್ಡ್ ಪೇಂಟ್ ಡಬ್ಬಿಗೆ ಕೈ ಹಾಕುತ್ತಾರೆ. ನಾನು ಹಾಕುವುದಿಲ್ಲ. ಕಾರಣ ಸರಳ ಲೆಕ್ಕ. ಆ ಬಣ್ಣ ಹೊಳೆಯುವುದು ಅದರೊಳಗಿನ ಸಣ್ಣ ಚಕ್ಕೆಗಳಿಂದ. 1:24 ಅಳತೆಯಲ್ಲಿ, ಅಂದರೆ ಮಾಡೆಲ್ ನಿಜವಾದ ಕಾರಿನ 24ರಲ್ಲಿ ಒಂದು ಪಾಲು ಇರುವಾಗ, 0.1 ಮಿಲಿಮೀಟರ್ ಚಕ್ಕೆ ಅಂದರೆ ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ಚಕ್ಕೆ! ಅಷ್ಟು ದಪ್ಪ ಮಿನುಗು ಯಾವ ರೇಡಿಯೇಟರ್ ಮೇಲೂ ಇರಲ್ಲ. ಕ್ರಾಫ್ಟ್ ಅಂಗಡಿಯ ಗೋಲ್ಡ್ ಹಚ್ಚಿದರೆ ಮದುವೆ ಮಂಟಪದ ಥರ್ಮೋಕೋಲ್ ಕಂಬದ ಹಾಗೆ ಕಾಣುವುದು ಇದಕ್ಕೇ.

ನನ್ನ ಮೇಜಿನ ಮೇಲಿದ್ದದ್ದು ಮಾಡೆಲ್ ಕಿಟ್ ಮಾಡುವ ಐಸಿಎಂ ಕಂಪನಿಯ 1913ರ ಫೋರ್ಡ್ ಮಾಡೆಲ್ ಟಿ. ಈ ಕಾರಿನಲ್ಲಿ ಇಸವಿ ಮುಖ್ಯ. 1908ರಲ್ಲಿ ಶುರುವಾದ ಮಾಡೆಲ್ ಟಿಗೆ 1916ರವರೆಗೆ ಹಿತ್ತಾಳೆ ರೇಡಿಯೇಟರ್ ಇತ್ತು. 1917ರ ಮಾಡೆಲ್‌ನಿಂದ ಕಪ್ಪು ಕವಚ ಬಂತು. ನನ್ನದು 1913ರದ್ದು, ಅಂದರೆ ಮುಂಭಾಗದ ಚಂದವೆಲ್ಲ ಆ ಹಿತ್ತಾಳೆಯ ಮೇಲೇ ನಿಂತಿದೆ.

ಬಣ್ಣ ಕಲಸುವ ಮೊದಲು ದೇವರ ಮನೆಯ ತಂಬಿಗೆ ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಫೋಟೋ ನೋಡಿ ಹಿತ್ತಾಳೆ ಬಣ್ಣ ಹಿಡಿಯುವುದು ಕಷ್ಟ. ಕಿಟಕಿ ಬೆಳಕಿಗೆ ತಂಬಿಗೆ ತಿರುಗಿಸಿ ನೋಡಿ. ಬೆಳಕು ಬಿದ್ದ ಕಡೆ ಹೆಚ್ಚುಕಡಿಮೆ ಬಿಳಿ, ಅಂಚಿನಲ್ಲಿ ಕಂದು, ನಡುವೆ ಮಾತ್ರ ಹಳದಿ. ಅಂದರೆ ಹಿತ್ತಾಳೆ ಅನ್ನೋದು ಹಳದಿ ಬಣ್ಣದ ಕನ್ನಡಿ. ಮೊದಲು ಕನ್ನಡಿ ಮಾಡಬೇಕು, ಹಳದಿ ಆಮೇಲೆ. ನನ್ನ ಕೆಲಸವೆಲ್ಲ ಇಷ್ಟೇ.

ಚಿನ್ನಕ್ಕೂ ಹಿತ್ತಾಳೆಗೂ ಛಾಯೆಯ ವ್ಯತ್ಯಾಸ ಕೇಳಲು ಕಲಬುರಗಿಯ ಸರಾಫ್ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಗರೊಬ್ಬರ ಹತ್ತಿರ ಹೋಗಿದ್ದೆ. "ಕಾಕಾ, ಬಂಗಾರದಾಗೂ ಬಣ್ಣ ಬ್ಯಾರೆ ಬ್ಯಾರೆ ಇರ್ತದೇನ್ರಿ?" ಅಂದೆ. "ತಾಮ್ರ ಜಾಸ್ತಿ ಕೂಡಿಸಿದ್ರ ಕೆಂಪ್ ಬರ್ತದ, ಬೆಳ್ಳಿ ಜಾಸ್ತಿ ಆದ್ರ ಬಣ್ಣ ತೆಳ್ಳಗ ಆಗ್ತದ ನೋಡಪಾ" ಅಂದರು. ಈ ಮಾತು ನನಗೆ ಬಣ್ಣದ ಬಾಟಲಿಯಲ್ಲೂ ಉಪಯೋಗಕ್ಕೆ ಬಂತು. ಕಿತ್ತಳೆ ಜಾಸ್ತಿ ಹಾಕಿದರೆ ಒಡವೆ ಚಿನ್ನ, ಕಡಿಮೆ ಹಾಕಿದರೆ ಹಿತ್ತಾಳೆ.

ಮೊದಲು ರೇಡಿಯೇಟರ್ ಕವಚದ ಅಚ್ಚಿನ ಗೆರೆ ತೆಗೆದು 1000, ಆಮೇಲೆ 2000 ನಂಬರಿನ ನೀರು ಕಾಗದದಿಂದ (ನೀರು ಹಚ್ಚಿ ಉಜ್ಜುವ ನಯವಾದ ಮರಳು ಕಾಗದ) ಉಜ್ಜಿದೆ. ಇಲ್ಲಿ ಸೋಮಾರಿತನ ನಡೆಯಲ್ಲ. ಕನ್ನಡಿ ಹೊಳಪು ಸಣ್ಣ ಗೀರನ್ನೂ ಎತ್ತಿ ತೋರಿಸುತ್ತದೆ. ಅದರ ಮೇಲೆ ಹೊಳೆಯುವ ಕಪ್ಪು ಲ್ಯಾಕರ್ (ಘಾಟು ಥಿನ್ನರಿನ, ಬೇಗ ಒಣಗುವ ಬಣ್ಣ). ಅದನ್ನು ಪೂರ್ತಿ ಒಣಗಲು ಬಿಡಬೇಕು, ಕೈಗೆ ಅಂಟದಿದ್ದರೆ ಸಾಲದು, ವಾಸನೆಯೂ ಹೋಗಬೇಕು. ನಂತರ ಆಲ್‌ಕ್ಲ್ಯಾಡ್ ಕಂಪನಿಯ ಕ್ರೋಮ್, ಅಂದರೆ ಕನ್ನಡಿ ಹೊಳಪಿನ ಬೆಳ್ಳಿ ಬಣ್ಣ. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಗಾಳಿಯ ಒತ್ತಡ 15 ಪಿಎಸ್‌ಐ ಸುತ್ತಮುತ್ತ, ಮಂಜು ಬಿದ್ದಷ್ಟು ತೆಳು ಪದರ. ಕಪ್ಪು ಇನ್ನೂ ಸ್ವಲ್ಪ ಇಣುಕುತ್ತಿರುವಾಗಲೇ ನಿಲ್ಲಿಸಬೇಕು. ಪೂರ್ತಿ ಮುಚ್ಚಿದರೆ ಬರೀ ಬೂದು ಬಣ್ಣ ಆಗುತ್ತದೆ.

ಅದರ ಮೇಲೆ ಹಳದಿ. ಟಾಮಿಯಾ ಕಂಪನಿಯ ಪಾರದರ್ಶಕ ಬಣ್ಣಗಳು: ಎಕ್ಸ್-24 ಕ್ಲಿಯರ್ ಯೆಲ್ಲೋ ಹತ್ತು ಹನಿ, ಎಕ್ಸ್-26 ಕ್ಲಿಯರ್ ಆರೆಂಜ್ ಒಂದು ಹನಿ, ಎಕ್ಸ್-19 ಸ್ಮೋಕ್ (ಹೊಗೆ ಬಣ್ಣ) ಒಂದು ಹನಿ. ಹಿತ್ತಾಳೆಗೆ ಇದು ನನ್ನ ಅಳತೆ. ಸ್ಮೋಕ್ ಇಲ್ಲದಿದ್ದರೆ ಬಣ್ಣ ಪಿತಾಂಬರಿ ಹಾಕಿ ಈಗಷ್ಟೇ ತೊಳೆದಂತೆ ಇರುತ್ತದೆ, ಶೋರೂಮ್ ಕಾರು ಬೇಕಿದ್ದರೆ ಅದೇ ಸರಿ. ತೆಳು ಮಾಡಲು ಟಾಮಿಯಾದ ಎಕ್ಸ್-20ಎ ಮಾತ್ರ ಬಳಸಿ. ಲ್ಯಾಕರ್ ಥಿನ್ನರ್ ಹಾಕಿದರೆ ಕೆಳಗಿನ ಕ್ರೋಮ್ ಕರಗುತ್ತದೆ. ಪ್ರತಿ ಪದರಕ್ಕೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ, ಹಾಗಾಗಿ ತಂಬಿಗೆ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡುತ್ತಲೇ ಇರಿ. ಮೂಲೆಯಲ್ಲಿ ಬಣ್ಣ ನಿಂತರೆ ಅಲ್ಲಿ ಕಿತ್ತಳೆ ಕಲೆ ಆಗುತ್ತದೆ, ಒದ್ದೆ ಇರುವಾಗಲೇ ಒಣ ಬ್ರಷ್‌ನಿಂದ ಹೀರಿ ತೆಗೆಯಬೇಕು. ಮೇಲೆ ಬೇರೆ ವಾರ್ನಿಷ್ ಹಾಕಲ್ಲ. ಆ ಹಳದಿ ಪದರವೇ ಕ್ರೋಮ್ ಕಾಯುತ್ತದೆ.

ನಮ್ಮೂರಿನ ಬಿಸಿಲಿನ ವಿಷಯ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಇರುವಾಗ ಮಧ್ಯಾಹ್ನ ಏರ್‌ಬ್ರಷ್ ಹಿಡಿದರೆ ಬಣ್ಣ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ಕೈಯಾಡಿಸಿದರೆ ಮರಳು ಕಾಗದ. ನಾನು ಬೆಳಿಗ್ಗೆ ಹೊತ್ತು ಏರುವ ಮೊದಲೇ ಕೆಲಸ ಮುಗಿಸುತ್ತೇನೆ, ಬಣ್ಣಕ್ಕೆ ಸ್ವಲ್ಪ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಸೇರಿಸುತ್ತೇನೆ. ಮಳೆಗಾಲದಲ್ಲಿ ಉಲ್ಟಾ ತೊಂದರೆ. ಲ್ಯಾಕರ್ ಕಪ್ಪು ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ, ಅಂಥ ದಿನ ಸುಮ್ನೆ ಬೇರೆ ಕೆಲಸ ನೋಡಿಕೊಳ್ಳುವುದೇ ಒಳ್ಳೆಯದು.

ದೀಪದ ಅಂಚು, ತೆಳುವಾದ ಕೊಳವೆಗಳಿಗೆ ಬಣ್ಣವೇ ಬೇಡ. ಅರ್ಧ ಮಿಲಿಮೀಟರ್ ಹಿತ್ತಾಳೆ ತಂತಿ ತಂದು ಡ್ರಿಲ್ ಬಿಟ್ ಸುತ್ತ ಸುತ್ತಿ ಕತ್ತರಿಸಿದರೆ ನಿಜವಾದ ಹಿತ್ತಾಳೆಯ ಉಂಗುರಗಳೇ ಸಿಗುತ್ತವೆ. ಪಕ್ಕದಲ್ಲಿಟ್ಟಾಗ ನನ್ನ ಬಣ್ಣ ಹೊಂದುತ್ತದೋ ಇಲ್ಲವೋ ಅನ್ನೋದೂ ಆಗಲೇ ಗೊತ್ತಾಗುತ್ತದೆ.

ಇದೇ ಪದ್ಧತಿಯನ್ನು ಎಲ್ಲ ಕಾರಿಗೂ ಹಾಕಬೇಡಿ. 90ರ ದಶಕದ ನೀಲಿ ಸುಬಾರು ರ‍್ಯಾಲಿ ಕಾರಿನ ಚಿನ್ನದ ಚಕ್ರ ನೆನಪಿದೆ ಅಲ್ವಾ? ಅದು ಲೋಹದ ಸ್ವಂತ ಹೊಳಪಲ್ಲ, ಹಚ್ಚಿದ ಪೇಂಟು. ಅದಕ್ಕೆ ಸಣ್ಣ ಚಕ್ಕೆಯ ಡಬ್ಬಿ ಬಣ್ಣವೇ ಸರಿ, ಕನ್ನಡಿ ಹೊಳಪು ಕೊಟ್ಟರೆ ಕೆಡುತ್ತದೆ. ಮೆಕ್‌ಲಾರೆನ್ ಎಫ್1 ಎಂಬ ಸ್ಪೋರ್ಟ್ಸ್ ಕಾರು ಮತ್ತೂ ಬೇರೆ. ಅದರ ಎಂಜಿನ್ ಜಾಗಕ್ಕೆ ನಿಜವಾದ ಚಿನ್ನದ ತಗಡು ಅಂಟಿಸಿದ್ದಾರೆ, ಎಂಜಿನ್ನಿನ ಶಾಖವನ್ನು ಅದು ಚೆನ್ನಾಗಿ ವಾಪಸ್ ಕಳಿಸುತ್ತದೆ ಅಂತ. ಅಲ್ಲಿ ನಾನು ಬಣ್ಣ ಮುಟ್ಟುವುದೇ ಇಲ್ಲ. ಚಾಕೊಲೇಟಿನ ಚಿನ್ನದ ಹಾಳೆಯನ್ನು ಸ್ವಲ್ಪ ಸುಕ್ಕು ಮಾಡಿ, ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಅಂಟಿಸುತ್ತೇನೆ. ಸುಕ್ಕು ಪೂರ್ತಿ ತೀಡಬೇಡಿ, ಅಸಲಿ ಕಾರಿನಲ್ಲೂ ಅದು ಸುಕ್ಕಾಗಿಯೇ ಇದೆ.